ಗೂಂಡಾ: ಒಂದು ಪದದ ಅರ್ಥ ಮತ್ತು ಬಳಕೆ

ಗೂಂಡಾ ಎಂದರೆ ತೋಳ್ಬಲದಿಂದಲೋ ಗುಂಪಿನ ಬಲದಿಂದಲೋ ಜನರನ್ನು ಹೆದರಿಸಿ ಬದುಕುವವನು. ಪೇಟೆ ಬೀದಿಗಳಲ್ಲಿ, ಸಂತೆ ಜಾತ್ರೆಗಳಲ್ಲಿ, ಚುನಾವಣೆಯ ಹೊತ್ತಿನಲ್ಲಿ ದಾಂಧಲೆ ಎಬ್ಬಿಸುವವನು. ಕನ್ನಡಕ್ಕೆ ಇದು ಉತ್ತರದಿಂದ ಬಂದ ಪದ. ಹಿಂದಿ, ಉರ್ದು, ಮರಾಠಿ, ಬಂಗಾಳಿಗಳಲ್ಲಿ ಬೇರುಬಿಟ್ಟು, ಅಲ್ಲಿಂದ ಇಂಗ್ಲಿಷ್ ಪತ್ರಿಕೆಗಳಿಗೂ ಸರ್ಕಾರದ ಕಡತಗಳಿಗೂ ಹಬ್ಬಿ, ಕೊನೆಗೆ ದಕ್ಷಿಣದ ನುಡಿಗಳಲ್ಲೂ ನೆಲೆಯಾಯಿತು. ಇದರಿಂದ ಗೂಂಡಾಗಿರಿ, ಗೂಂಡಾ ವರ್ತನೆ, ಗೂಂಡಾರಾಜ್ಯ ಮುಂತಾದ ರೂಪಗಳು ಹುಟ್ಟಿವೆ. ಗೂಂಡಾಗಿರಿಯ ‘ಗಿರಿ’ ಪಾರಸಿಯ ಪ್ರತ್ಯಯ. ದಾದಾಗಿರಿ, ಗುಲಾಮಗಿರಿಗಳಲ್ಲಿ ಇರುವುದೂ ಅದೇ.

ಹೆಚ್ಚಿನ ಬೈಗುಳಗಳಿಗೆ ಇಲ್ಲದ ಒಂದು ಅಧಿಕಾರ ಈ ಪದಕ್ಕಿದೆ. ಇದು ಕಾನೂನಿನ ಪದವೂ ಹೌದು. ಒಬ್ಬ ಇನ್ನೊಬ್ಬನನ್ನು ‘ಪೋಲಿ’ ಎಂದರೆ ಹೆಚ್ಚೆಂದರೆ ಜಗಳವಾದೀತು. ಪೊಲೀಸ್ ಕಮಿಷನರೋ ಜಿಲ್ಲಾ ದಂಡಾಧಿಕಾರಿಯೋ ಒಬ್ಬನನ್ನು ‘ಗೂಂಡಾ’ ಎಂದು ಆದೇಶದಲ್ಲಿ ಬರೆದರೆ, ಅವನು ಅಪರಾಧ ಸಾಬೀತಾಗುವ ಮೊದಲೇ ಒಂದು ವರ್ಷದವರೆಗೆ ಜೈಲಿನಲ್ಲಿರಬೇಕಾಗಬಹುದು. ಬೀದಿಯ ಮಾತು ಶಾಸನದ ಮಾತಾದದ್ದು ಹೇಗೆ, ಆಗ ಅದರ ಅರ್ಥಕ್ಕೆ ಏನಾಯಿತು ಎಂಬುದೇ ಈ ಪದದ ಚರಿತ್ರೆಯ ಮುಖ್ಯ ಭಾಗ.

ರೂಪ

ಹಿಂದಿಯಲ್ಲಿ ಈ ಪದದ ಮೊದಲ ಅಕ್ಷರ ಹ್ರಸ್ವ: ಗುಂಡಾ. ಮರಾಠಿಯಲ್ಲಿ ಗುಂಡ, ಮಲಯಾಳದಲ್ಲೂ ಗುಂಡ, ತಮಿಳಿನಲ್ಲಿ ಗುಂಡರ್. ಕನ್ನಡ ಮತ್ತು ತೆಲುಗುಗಳಲ್ಲಿ ಮಾತ್ರ ಅದು ದೀರ್ಘವಾಗಿದೆ. ಇಂಗ್ಲಿಷಿನವರು ಈ ಪದವನ್ನು ಎರಡು ‘ಓ’ ಅಕ್ಷರ ಇಟ್ಟು ಬರೆದರು. ಪತ್ರಿಕೆ ಮತ್ತು ಕಾಯ್ದೆಯ ಆ ಕಾಗುಣಿತವನ್ನು ನೋಡಿ ಓದಿದವರ ಬಾಯಲ್ಲಿ ಗು ಗೂ ಆಗಿರಬೇಕು ಎಂದು ಊಹಿಸುವುದು ಸಹಜ.

ಕಾರಣ ಏನೇ ಇರಲಿ, ಕನ್ನಡಕ್ಕೆ ಆ ದೀರ್ಘದಿಂದ ದೊಡ್ಡ ಉಪಕಾರವಾಗಿದೆ. ಹ್ರಸ್ವದ ‘ಗುಂಡ’ ನಮ್ಮ ಮನೆಮಾತಿನ ಮುದ್ದಿನ ಹೆಸರು. ದುಂಡಗಿರುವ ಮಗುವನ್ನು ಗುಂಡ, ಗುಂಡಣ್ಣ ಎಂದು ಕರೆಯುತ್ತೇವೆ. ಗುಂಡಪ್ಪ, ಗುಂಡಮ್ಮ, ಗುಂಡೂರಾವ್ ಎಂಬ ಹೆಸರುಗಳು ಊರೂರಲ್ಲಿವೆ. ಡಿ.ವಿ. ಗುಂಡಪ್ಪನವರ ಹೆಸರಿನಲ್ಲಿರುವುದೂ ಅದೇ. ಹರಿಹರ ತನ್ನ ರಗಳೆಯಲ್ಲಿ ಹಾಡಿದ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನನ್ನೇ ಕುಣಿಸಿದ ಭಕ್ತ. ಆ ಹೆಸರಿಗೂ ಈ ಬೈಗುಳಕ್ಕೂ ನಡುವೆ ಇರುವುದು ಒಂದು ಮಾತ್ರೆಯ ಅಂತರ. ‘ಗುಂಡ ಬಂದ’ ಎಂದರೆ ಮನೆಯವರು ಬಾಗಿಲು ತೆರೆಯುತ್ತಾರೆ, ‘ಗೂಂಡಾ ಬಂದ’ ಎಂದರೆ ಅಗುಳಿ ಹಾಕುತ್ತಾರೆ.

ಈ ಪದದ ಬಗ್ಗೆ ಎರಡು ಕಥೆಗಳು ಬಹಳ ಓಡಾಡುತ್ತವೆ. ಬಸ್ತರ್‌ನಲ್ಲಿ 1910ರಲ್ಲಿ ನಡೆದ ಭೂಮಕಾಲ್ ದಂಗೆಯ ಆದಿವಾಸಿ ನಾಯಕ ಗುಂಡಾಧೂರನ ಹೆಸರನ್ನೇ ಬ್ರಿಟಿಷರು ಬೈಗುಳವಾಗಿ ಮಾಡಿದರು ಎಂಬುದು ಒಂದು. ನೇತಾನಾರ್ ಗ್ರಾಮದ ಗುಂಡಾಧೂರ ಬ್ರಿಟಿಷರ ಕೈಗೆ ಸಿಗದೆ ಉಳಿದ ವೀರ. ಅವನನ್ನು ನೆನೆಯುವವರ ನೋವು ನಿಜವಾದದ್ದು. ಆದರೆ ಪದ ಅವನಿಗಿಂತ ಹಳೆಯದು. ಹಿಂದಿ, ಮರಾಠಿಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ಇಂಗ್ಲಿಷಿನ ‘ಗೂನ್’ ನಮ್ಮ ಗೂಂಡಾದಿಂದಲೇ ಹುಟ್ಟಿತು ಎಂಬುದು ಇನ್ನೊಂದು ಕಥೆ. ಅದೂ ಸರಿಯಲ್ಲ. ‘ಗೂನ್’ ಅಮೆರಿಕದಲ್ಲಿ ಬೆಳೆದ ಪದ. 1930ರ ದಶಕದಲ್ಲಿ ಪಾಪೈ ಚಿತ್ರಮಾಲೆಯ ಪಾತ್ರವೊಂದರಿಂದ ಜನಪ್ರಿಯವಾಗಿ, ಬಾಡಿಗೆ ಪುಂಡರಿಗೆ ಹೆಸರಾಯಿತು. ಎರಡೂ ಪದಗಳ ಸದ್ದು ಮತ್ತು ಅರ್ಥ ಹತ್ತಿರವಾದದ್ದು ಆಕಸ್ಮಿಕ. ಇಂಗ್ಲಿಷಿಗೆ ಭಾರತ ನಿಜವಾಗಿ ಕೊಟ್ಟ ಪದ ‘ಥಗ್’. ಸಂಸ್ಕೃತದ ಸ್ಥಗದಿಂದ ಹಿಂದಿಯ ಠಗ್, ನಮ್ಮ ಠಕ್ಕ, ಇಂಗ್ಲಿಷಿನ ಥಗ್ ಎಲ್ಲವೂ ಬಂದಿವೆ.

ಕಾಶಿಯ ಗುಂಡಾ

ಈ ಪದಕ್ಕೆ ಎಲ್ಲ ಕಾಲದಲ್ಲೂ ಇಷ್ಟೇ ಕೀಳು ಅರ್ಥವಿರಲಿಲ್ಲ. ಹಿಂದಿಯ ಕವಿ, ನಾಟಕಕಾರ ಜಯಶಂಕರ ಪ್ರಸಾದರು ‘ಗುಂಡಾ’ ಎಂಬ ಹೆಸರಿನಲ್ಲೇ ಒಂದು ಕಥೆ ಬರೆದಿದ್ದಾರೆ. 1936ರ ‘ಇಂದ್ರಜಾಲ’ ಸಂಕಲನದಲ್ಲಿ ಅದಿದೆ. ಕಥೆಯ ಕಾಲ 18ನೆಯ ಶತಮಾನದ ಕೊನೆ, ಊರು ಕಾಶಿ. ಆಳುವವರ ನ್ಯಾಯ ಕುಸಿದು ಹಣಬಲ, ಆಯುಧಬಲಗಳೇ ನ್ಯಾಯವಾದಾಗ, ಬಡವರ ಪರವಾಗಿ ನಿಲ್ಲುವ, ಕೊಟ್ಟ ಮಾತಿಗೆ ತಪ್ಪದ, ಬಿದ್ದವನ ಮೇಲೆ ಕೈಮಾಡದ ಒಂದು ಬಗೆಯ ಗಂಡುಗಳು ಹುಟ್ಟಿಕೊಂಡರು, ಅವರನ್ನೇ ಕಾಶಿಯ ಜನ ಗುಂಡಾ ಎಂದು ಕರೆದರು ಎಂದು ಪ್ರಸಾದರು ಹಿನ್ನೆಲೆ ಹಾಕುತ್ತಾರೆ. ಕಥೆಯ ನಾಯಕ ನನ್ಹಕೂ ಸಿಂಹ ಒಳ್ಳೆಯ ಮನೆತನದವನು, ಐವತ್ತು ದಾಟಿದರೂ ದೇಹದಲ್ಲಿ ಕಸುವು ಕುಂದದವನು. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ರಾಜಾ ಚೇತಸಿಂಹನನ್ನು ಶಿವಾಲಯ ಘಾಟಿನ ಮನೆಯಲ್ಲಿ ಸೆರೆಯಿಟ್ಟಾಗ, ರಾಜಮನೆತನದವರು ದೋಣಿ ಹತ್ತಿ ಪಾರಾಗುವವರೆಗೂ ಕಂಪನಿಯ ಸಿಪಾಯಿಗಳನ್ನು ತಡೆದು ನಿಂತು ಅವನು ಅಲ್ಲೇ ಕಡಿದು ಬೀಳುತ್ತಾನೆ. ರಾಜಮಾತೆಯ ಮೇಲೆ ಅವನಿಗೆ ಎಳವೆಯಿಂದಲೂ ಇದ್ದ, ಎಂದೂ ಬಾಯಿಬಿಡದ ಪ್ರೀತಿಯೇ ಆ ಸಾವಿನ ಹಿಂದಿನ ಗುಟ್ಟು. ಓದಿ ಮುಗಿಸಿದವನಿಗೆ ಗುಂಡಾ ಎಂಬ ಮಾತು ಬೈಗುಳವಾಗಿ ಕೇಳುವುದಿಲ್ಲ.

ಕಥೆಯನ್ನು ಚರಿತ್ರೆಯೆಂದು ಹಿಡಿಯಬಾರದು, ನಿಜ. ಆದರೂ 1936ರ ಹೊತ್ತಿಗೆ ಕಾಯ್ದೆಯ ಪುಸ್ತಕ ಹೊಲಸು ಮಾಡಿದ್ದ ಒಂದು ಪದವನ್ನು ಒಬ್ಬ ದೊಡ್ಡ ಲೇಖಕ ಎತ್ತಿಕೊಂಡು ತೊಳೆದಿಟ್ಟ ಎಂಬುದು ಸಣ್ಣ ಸಂಗತಿಯಲ್ಲ. ಗರಡಿಮನೆಯ ಉಸ್ತಾದ, ಕೇರಿಯ ಪೈಲ್ವಾನ, ಜಗಳಕ್ಕೆ ತೀರ್ಪು ಹೇಳುವ ದಾದಾ, ಇವರೆಲ್ಲ ಜನರ ಕಣ್ಣಿನಲ್ಲಿ ಕಾವಲುಗಾರರೂ ಆಗಿದ್ದರು, ಕಾಟಗಾರರೂ ಆಗಿದ್ದರು. ‘ದಾದಾ’ ಎಂಬುದಂತೂ ಮರಾಠಿ, ಬಂಗಾಳಿಗಳಲ್ಲಿ ಅಣ್ಣನನ್ನು ಕರೆಯುವ ಮಾತು.

ಕಲ್ಕತ್ತೆಯ ಕಾಯ್ದೆ

ಬೀದಿಯ ಪದ ಶಾಸನಕ್ಕೆ ಹತ್ತಿದ್ದು ಕಲ್ಕತ್ತೆಯಲ್ಲಿ. ಮೊದಲ ಮಹಾಯುದ್ಧದ ನಂತರ ಆ ನಗರದಲ್ಲಿ ದರೋಡೆ, ಚೂರಿ ಇರಿತ, ಅಂಗಡಿ ಸುಲಿಗೆಗಳ ಭಯ ಹೆಚ್ಚಿತು. ಬಡಾಬಜಾರಿನ ವರ್ತಕರು, ಪತ್ರಿಕೆಗಳು, ಪೊಲೀಸರು ಒಟ್ಟಾಗಿ ಇದಕ್ಕೆ ಕಾರಣ ಗೂಂಡಾಗಳು ಎಂದರು. 1923ರಲ್ಲಿ ಬಂಗಾಳ ಗೂಂಡಾ ಕಾಯ್ದೆ ಬಂತು. ಗೂಂಡಾ ಎಂದು ಗುರುತಿಸಿದವನನ್ನು ನಗರದಿಂದ, ಹೊರಗಿನವನಾದರೆ ಬಂಗಾಳದಿಂದಲೇ ಹೊರಹಾಕುವ ಅಧಿಕಾರವನ್ನು ಸರ್ಕಾರ ಅದರಲ್ಲಿ ತೆಗೆದುಕೊಂಡಿತು. ನಮ್ಮಲ್ಲಿ ಗಡಿಪಾರು ಎನ್ನುವುದು ಇದನ್ನೇ.

ಆ ಕಾಯ್ದೆಯಲ್ಲಿ ಗೂಂಡಾ ಎಂದರೆ ಯಾರು? ‘ಹೂಲಿಗನ್’ ಅಥವಾ ಅಂಥ ಒರಟ ಎಂದು ಅದು ಹೇಳಿತು. ಹೂಲಿಗನ್ ಎಂಬುದು ಲಂಡನ್ನಿನ ಬೀದಿಮಾತು; ಅಲ್ಲಿನ ಪತ್ರಿಕೆಗಳಲ್ಲಿ ಅದು ಕಾಣಿಸಿಕೊಂಡದ್ದು 1890ರ ದಶಕದಲ್ಲಿ. ಕಾಶಿಯ ಬೀದಿಯ ಒಂದು ಮಾತಿಗೆ ಲಂಡನ್ನಿನ ಬೀದಿಯ ಇನ್ನೊಂದು ಮಾತು ಅರ್ಥವಾಗಿ ನಿಂತಿತು. ಯಾವ ಕೃತ್ಯ ಮಾಡಿದರೆ ಗೂಂಡಾ, ಎಷ್ಟು ಬಾರಿ ಮಾಡಿದರೆ ಗೂಂಡಾ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಕಾಯ್ದೆಯಡಿ ಪೊಲೀಸರು ಒಬ್ಬೊಬ್ಬನ ಮೇಲೂ ಕಡತ ತೆರೆದರು: ಹೆಸರು, ಅಡ್ಡಹೆಸರು, ಹುಟ್ಟೂರು, ಕಸುಬು, ಸಹವಾಸ. ಆ ಕಡತಗಳನ್ನು ಆಧರಿಸಿ ಸುರಂಜನ್ ದಾಸ್ ಮತ್ತು ಜಯಂತ ಕೆ. ರೇ 1996ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಕೆಲಸ ಹುಡುಕಿಕೊಂಡು ಬಿಹಾರ, ಸಂಯುಕ್ತ ಪ್ರಾಂತಗಳಿಂದ ಬಂದ ಕೂಲಿಗಳು, ದರವಾನರು, ಗಾಡಿ ಹೊಡೆಯುವವರು ಪೊಲೀಸರ ಕಣ್ಣಿಗೆ ಬೇಗ ಬೀಳುತ್ತಿದ್ದರು. ಹೀಗೆ ಗೂಂಡಾ ಎಂಬುದಕ್ಕೆ ‘ಹೊರಗಿನವನು’ ಎಂಬ ಛಾಯೆ ಅಂಟಿತು. ಇಂದಿಗೂ ಗಲಭೆಯಾದಾಗ ‘ಹೊರಗಿನಿಂದ ಬಂದ ಗೂಂಡಾಗಳು’ ಎಂಬ ಮಾತು ಮೊದಲು ಹೊರಡುವುದನ್ನು ಗಮನಿಸಬಹುದು.

ಬ್ರಿಟಿಷರ ಆಡಳಿತಕ್ಕೆ ಇಂಥ ವಿಂಗಡಣೆ ಹೊಸದೇನೂ ಆಗಿರಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಜನಾಂಗಗಳನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿಗೆ ಸೇರಿಸಿತ್ತು. ಅದು ರದ್ದಾದದ್ದು ಸ್ವಾತಂತ್ರ್ಯದ ನಂತರ, 1952ರಲ್ಲಿ. ‘ಬದ್ಮಾಶ್’ ಎಂಬ ಮಾತಿನ ಗತಿಯೂ ಹೀಗೆಯೇ ಆಯಿತು. ಪಾರಸಿಯ ಬದ್ ಎಂದರೆ ಕೆಟ್ಟ, ಅರಬಿಯ ಮಆಶ್ ಎಂದರೆ ಜೀವನೋಪಾಯ; ಕೆಟ್ಟ ದಾರಿಯಲ್ಲಿ ಹೊಟ್ಟೆ ಹೊರೆಯುವವನು ಬದ್ಮಾಶ್. ಪೊಲೀಸರು ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಕರಣಗಳಿಗೆ ಆಡುಮಾತಿನಲ್ಲಿ ಬದ್ಮಾಶಿ ಎಂದೇ ಹೆಸರಾಯಿತು. ಕೆಲಸವಿಲ್ಲದ ಬಡವ ಮತ್ತು ಕೆಟ್ಟ ಕೆಲಸದವನು, ಇಬ್ಬರೂ ಒಂದೇ ಪದದೊಳಗೆ ಸೇರಿಹೋದರು.

ಗಾಂಧೀಜಿ ಈ ಪದವನ್ನು ಬೇರೆ ರೀತಿಯಲ್ಲಿ ನೋಡಿದರು. ಕೋಮುಗಲಭೆಗಳ ಪಾಪವನ್ನೆಲ್ಲ ಗೂಂಡಾಗಳ ತಲೆಗೆ ಕಟ್ಟಿ ಮರ್ಯಾದಸ್ಥರು ಕೈತೊಳೆದುಕೊಳ್ಳುವುದನ್ನು ಅವರು ಒಪ್ಪಲಿಲ್ಲ. ಗೂಂಡಾಗಳು ಆಕಾಶದಿಂದ ಉದುರುವುದಿಲ್ಲ, ಸಮಾಜದ ಅವ್ಯವಸ್ಥೆಯಲ್ಲೇ ಹುಟ್ಟುತ್ತಾರೆ, ಆದ್ದರಿಂದ ಅವರ ಹೊಣೆ ಸಮಾಜದ್ದೇ ಎಂಬ ಅರ್ಥದ ಮಾತನ್ನು ಅವರು 1940ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಈ ಪದದ ಬಗ್ಗೆ ಬಂದಿರುವ ಮಾತುಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಆರು ವರ್ಷಗಳ ನಂತರ, 1946ರ ಆಗಸ್ಟ್ 16ರಂದು ಕಲ್ಕತ್ತೆಯಲ್ಲಿ ಹತ್ಯಾಕಾಂಡ ಶುರುವಾದಾಗ ಎರಡೂ ಕಡೆಯವರೂ ಎದುರಿನವರ ಗೂಂಡಾಗಳನ್ನು ದೂರಿದರು; ತಮ್ಮ ಕಡೆಯವರನ್ನು ರಕ್ಷಕರೆಂದು ಕರೆದರು.

ನ್ಯಾಯಾಲಯ ಕೇಳಿದ ಪ್ರಶ್ನೆ

ಅದೇ 1946ರಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನಲ್ಲೂ ಗೂಂಡಾ ಕಾಯ್ದೆ ಬಂತು. ಹೂಲಿಗನ್, ಒರಟ, ಅಲೆಮಾರಿ, ಇವರು ಗೂಂಡಾಗಳು. ಸಾರ್ವಜನಿಕ ಶಾಂತಿಗೆ ಅಪಾಯವಾಗುವವನೂ ಇದರಲ್ಲಿ ಸೇರುತ್ತಾನೆ ಎಂದು ಅದರ ವ್ಯಾಖ್ಯೆ. ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಉಳಿಯಿತು. ಅದರಡಿ ಗಡಿಪಾರಾದ ಬಲದೇವ ಪ್ರಸಾದ್ ಎಂಬಾತನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1960ರಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬರೆದ ತೀರ್ಪು ಕಾಯ್ದೆಯ ಆ ಅಧಿಕಾರವನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು.

ತೀರ್ಪಿನ ತಿರುಳು ಪದದ ಅರ್ಥಕ್ಕೇ ಸಂಬಂಧಿಸಿದ್ದು. ಒಬ್ಬ ಗೂಂಡಾ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಕಾಯ್ದೆ ಯಾವ ಒರೆಗಲ್ಲನ್ನೂ ಕೊಟ್ಟಿಲ್ಲ. ದಂಡಾಧಿಕಾರಿಗೆ ಅನಿಸಿದ್ದೇ ಪ್ರಮಾಣ. ಅದಕ್ಕಿಂತ ಮುಖ್ಯವಾಗಿ, ‘ನಾನು ಗೂಂಡಾ ಅಲ್ಲ’ ಎಂದು ತೋರಿಸಲು ಆಪಾದಿತನಿಗೆ ಅವಕಾಶವೇ ಇಲ್ಲ. ದೇಶದಲ್ಲಿ ಎಲ್ಲಿಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಇಂಥ ಮಸುಕಾದ ಪದದ ಬಲದಿಂದ ಕಿತ್ತುಕೊಳ್ಳಲಾಗದು. ನಿಘಂಟಿಗೆ ಮಸುಕು ಇದ್ದರೆ ನಡೆಯುತ್ತದೆ, ದಂಡಸಂಹಿತೆಗೆ ನಡೆಯುವುದಿಲ್ಲ ಎಂಬುದನ್ನು ನಮ್ಮ ನ್ಯಾಯಾಲಯ ಅಂದೇ ಸ್ಪಷ್ಟ ಮಾಡಿತ್ತು.

ಮುಂದೆ ಬಂದ ಕಾಯ್ದೆಗಳು ಈ ಪಾಠವನ್ನು ಕಲಿತವು. ಉತ್ತರ ಪ್ರದೇಶದ 1970ರ ಗೂಂಡಾ ನಿಯಂತ್ರಣ ಕಾಯ್ದೆ, ತಮಿಳುನಾಡಿನ 1982ರ ಕಾಯ್ದೆ, ಕರ್ನಾಟಕದ 1985ರ ಕಾಯ್ದೆ, ಆಂಧ್ರಪ್ರದೇಶದ 1986ರ ಕಾಯ್ದೆ, ಎಲ್ಲವೂ ಬರಿಯ ಸ್ವಭಾವಕ್ಕೆ ನಿಲ್ಲದೆ ಕೃತ್ಯಗಳನ್ನೂ ಹೆಸರಿಸಿದವು. ಕೇರಳದ 2007ರ ಕಾಯ್ದೆ ಗೂಂಡಾ ಬೇರೆ, ರೌಡಿ ಬೇರೆ ಎಂದು ಬಿಡಿಸಿ, ‘ಪರಿಚಿತ ಗೂಂಡಾ’, ‘ಪರಿಚಿತ ರೌಡಿ’ ಎಂಬ ಇನ್ನೆರಡು ವರ್ಗಗಳನ್ನೂ ಮಾಡಿತು. ಅಲ್ಲಿ ಮೀಟರ್ ಬಡ್ಡಿಯವನೂ, ಹವಾಲಾ ವ್ಯವಹಾರದವನೂ, ಪರಿಸರಕ್ಕೆ ಕನ್ನ ಹಾಕುವವನೂ ಗೂಂಡಾನೇ. ಪಾಕಿಸ್ತಾನವೂ ಈ ಪದವನ್ನು ಶಾಸನದಲ್ಲಿ ಉಳಿಸಿಕೊಂಡಿತು. ಪಶ್ಚಿಮ ಪಾಕಿಸ್ತಾನದ ಗೂಂಡಾ ನಿಯಂತ್ರಣ ಸುಗ್ರೀವಾಜ್ಞೆ 1959ರದು.

ಕರ್ನಾಟಕದ ಗೂಂಡಾ ಕಾಯ್ದೆ

ನಮ್ಮಲ್ಲಿ ಎಲ್ಲರೂ ಗೂಂಡಾ ಕಾಯ್ದೆ ಎಂದು ಕರೆಯುವುದರ ಪೂರ್ತಿ ಹೆಸರು ಬಹಳ ಉದ್ದ. ಕಳ್ಳಭಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು, ಅನೈತಿಕ ವ್ಯವಹಾರದ ಅಪರಾಧಿಗಳು, ಕೊಳಚೆ ಪ್ರದೇಶ ಕಬಳಿಸುವವರು, ಇವರ ಅಪಾಯಕಾರಿ ಚಟುವಟಿಕೆಗಳನ್ನು ತಡೆಯುವ 1985ರ ಕಾಯ್ದೆ ಅದು. ಮುಂದಿನ ತಿದ್ದುಪಡಿಗಳಲ್ಲಿ, ಮುಖ್ಯವಾಗಿ 2014ರಲ್ಲಿ, ಆಸಿಡ್ ದಾಳಿಕೋರರು, ಡಿಜಿಟಲ್ ಅಪರಾಧಿಗಳು, ಲೈಂಗಿಕ ಅಪರಾಧಿಗಳು, ಅಕ್ರಮ ಹಣ ಸಾಗಾಟದವರು, ಸಿನಿಮಾ ಮತ್ತು ಹಾಡುಗಳ ನಕಲು ಮಾರುವವರು ಸೇರಿಕೊಂಡರು. ಶಾಸನದೊಳಗೆ ಗೂಂಡಾ ಈ ಸಾಲಿನಲ್ಲಿ ಒಬ್ಬ ಮಾತ್ರ. ಜನರ ಬಾಯಲ್ಲಿ ಅವನೇ ಎಲ್ಲರ ಹೆಸರನ್ನೂ ನುಂಗಿದ್ದಾನೆ. ಹೊಸ ಸಿನಿಮಾದ ಕಳ್ಳಪ್ರತಿ ಮಾಡಿದವನನ್ನು ಹಿಡಿದಾಗಲೂ ಪತ್ರಿಕೆಯ ತಲೆಬರಹ ‘ಗೂಂಡಾ ಕಾಯ್ದೆಯಡಿ ಬಂಧನ’ ಎಂದೇ ಬರುತ್ತದೆ. ಚೂರಿ ಹಿಡಿದವನಿಗೂ ಕಂಪ್ಯೂಟರ್ ಮುಂದೆ ಕೂತವನಿಗೂ ಒಂದೇ ಹಣೆಪಟ್ಟಿ.

ಈ ಕಾಯ್ದೆಯಲ್ಲಿ ಗೂಂಡಾ ಎಂದರೆ, ಒಬ್ಬನೇ ಆಗಲಿ ಗುಂಪಿನ ಸದಸ್ಯನಾಗಿ ಅಥವಾ ಮುಖಂಡನಾಗಿಯಾಗಲಿ, ದಂಡಸಂಹಿತೆಯ ಕೆಲವು ಅಧ್ಯಾಯಗಳ ಅಪರಾಧಗಳನ್ನು ರೂಢಿಯಾಗಿ ಮಾಡುವವನು, ಮಾಡಲು ಯತ್ನಿಸುವವನು ಅಥವಾ ಅದಕ್ಕೆ ಕುಮ್ಮಕ್ಕು ಕೊಡುವವನು. ಹಲ್ಲೆ, ಕೊಲೆ, ಕಳವು, ಸುಲಿಗೆ, ಗಲಭೆ, ಬೆದರಿಕೆ ಇಂಥವು ಆ ಅಪರಾಧಗಳು. ಇಲ್ಲಿ ‘ರೂಢಿಯಾಗಿ’ ಎಂಬ ಒಂದು ಮಾತಿನ ಮೇಲೆ ಎಲ್ಲವೂ ನಿಂತಿದೆ. ಒಮ್ಮೆ ಕೈಮಾಡಿದವನು ಅಪರಾಧಿಯಾಗಬಹುದು, ಗೂಂಡಾ ಆಗುವುದಿಲ್ಲ.

ಬಂಧನದ ಆದೇಶ ಹೊರಡಿಸುವವರು ಜಿಲ್ಲಾ ದಂಡಾಧಿಕಾರಿ ಅಥವಾ ಪೊಲೀಸ್ ಕಮಿಷನರ್. ಆದೇಶಕ್ಕೆ ಹನ್ನೆರಡು ದಿನಗಳೊಳಗೆ ಸರ್ಕಾರದ ಒಪ್ಪಿಗೆ ಸಿಗಬೇಕು. ಆಮೇಲೆ ಪ್ರಕರಣ ಸಲಹಾ ಮಂಡಳಿಯ ಮುಂದೆ ಹೋಗುತ್ತದೆ. ಬಂಧನದ ಗರಿಷ್ಠ ಅವಧಿ 12 ತಿಂಗಳು. ಇದು ಶಿಕ್ಷೆಯಲ್ಲ, ಮುಂಜಾಗ್ರತೆ ಎಂಬುದು ಕಾನೂನಿನ ನಿಲುವು: ನಡೆದ ತಪ್ಪಿಗೆ ದಂಡನೆ ಕೊಡುವುದಲ್ಲ, ನಡೆಯಬಹುದಾದ ತಪ್ಪನ್ನು ತಡೆಯುವುದು. ಜೈಲಿನ ಗೋಡೆಯ ಒಳಗಿರುವವನಿಗೆ ಮತ್ತು ಹೊರಗೆ ಕಾಯುವ ಅವನ ಹೆಂಡತಿ ಮಕ್ಕಳಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ.

ಇಂಥ ಬಂಧನವನ್ನು ಮೇಲಿನ ನ್ಯಾಯಾಲಯಗಳು ಮತ್ತೆ ಮತ್ತೆ ಅಳೆದು ನೋಡಿವೆ. 1965ರಲ್ಲಿ ರಾಮಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಮೂರು ವೃತ್ತಗಳ ಚಿತ್ರ ಕೊಟ್ಟರು. ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗಿನದು ಸಾರ್ವಜನಿಕ ಶಾಂತಿ, ಎಲ್ಲಕ್ಕಿಂತ ಒಳಗಿನದು ರಾಜ್ಯದ ಭದ್ರತೆ. ಇಬ್ಬರು ಕುಡಿದು ಬೀದಿಯಲ್ಲಿ ಹೊಡೆದಾಡಿದರೆ ಮೊದಲನೆಯದು ಕೆಟ್ಟಿತು, ಎರಡನೆಯದಲ್ಲ. ಮುಂಜಾಗ್ರತಾ ಬಂಧನಕ್ಕೆ ಎರಡನೆಯದು ಕೆಡಬೇಕು. ತಮಿಳುನಾಡಿನಲ್ಲಿ ಜನ ಗುಂಡರ್ ಸಟ್ಟಂ ಎಂದು ಕರೆಯುವ ಕಾಯ್ದೆಯಡಿ ಒಬ್ಬನನ್ನು ಬಂಧಿಸಿದ್ದರು. ಅವಧಿ ಮುಗಿದ ಔಷಧಿಗಳಿಗೆ ಹೊಸ ಚೀಟಿ ಅಂಟಿಸಿ ಮಾರಿದ ಎಂಬುದು ಆರೋಪ. ಅವನ ಹೆಂಡತಿ ರೇಖಾ ಸುಪ್ರೀಂ ಕೋರ್ಟಿನವರೆಗೆ ಹೋದಳು. 2011ರಲ್ಲಿ ನ್ಯಾಯಾಲಯ, ಇದಕ್ಕೆ ಸಾಮಾನ್ಯ ಕಾನೂನೇ ಸಾಕಾಗಿರುವಾಗ ಮುಂಜಾಗ್ರತಾ ಬಂಧನ ಕಾನೂನುಬಾಹಿರ ಎಂದು ಆದೇಶವನ್ನು ರದ್ದುಮಾಡಿತು. ಆರೋಪ ಹಗುರವಾದದ್ದಲ್ಲ, ಜನರ ಜೀವಕ್ಕೆ ಸಂಬಂಧಿಸಿದ್ದು. ಆದರೂ ದಾರಿ ವಿಚಾರಣೆಯೇ ಎಂಬುದು ತೀರ್ಪು. 2023ರಲ್ಲಿ ತೆಲಂಗಾಣದ ಅಮೀನಾ ಬೇಗಂ ಪ್ರಕರಣದಲ್ಲೂ ನ್ಯಾಯಾಲಯ, ‘ಗೂಂಡಾ’ ಎಂಬ ಹೆಸರಿನಲ್ಲಿ ಹೊರಡಿಸಿದ್ದ ಆದೇಶವನ್ನು ತಳ್ಳಿಹಾಕಿ, ಆ ರಾಜ್ಯದಲ್ಲಿ ಈ ಅಧಿಕಾರದ ಬಳಕೆ ಮಿತಿಮೀರಿದೆ ಎಂದು ಕಟುವಾಗಿ ನುಡಿಯಿತು.

ರೌಡಿ

ಕರ್ನಾಟಕದ ಠಾಣೆಗಳಲ್ಲಿ ದಿನನಿತ್ಯ ಓಡಾಡುವ ಪದ ಗೂಂಡಾ ಅಲ್ಲ, ರೌಡಿ. ಇದು 19ನೆಯ ಶತಮಾನದ ಆರಂಭದ ಅಮೆರಿಕನ್ ಪದ. ಅಲ್ಲಿ ಈಗ ಗಲಾಟೆ ಮಾಡುವ ಪುಟ್ಟ ಹುಡುಗರಿಗೆ, ಆಟದ ಮೈದಾನದ ಗದ್ದಲಕ್ಕೆ ಹೇಳುವ ಗುಣವಾಚಕ. ದಕ್ಷಿಣ ಭಾರತದಲ್ಲಿ ಅದು ನಾಮಪದವಾಗಿ, ಠಾಣೆಯ ದಾಖಲೆಯ ಹೆಸರಾಗಿ ಗಟ್ಟಿಯಾಯಿತು. ರೌಡಿಪಟ್ಟಿ ತೆರೆಯುವ ಕ್ರಮವನ್ನು ಕರ್ನಾಟಕ ಪೊಲೀಸ್ ಕೈಪಿಡಿಯ 1059ನೆಯ ಆದೇಶ ಹೇಳುತ್ತದೆ. ಅಲ್ಲಿ ರೌಡಿ ಎಂದರೆ ಗೂಂಡಾ. ಹೂಲಿಗನ್, ಒರಟ, ಅಲೆಮಾರಿ, ಸಾರ್ವಜನಿಕ ಶಾಂತಿಗೆ ಅಪಾಯವಾಗುವವನು ಇವರೂ ಅದರಲ್ಲಿ ಸೇರುತ್ತಾರೆ. 1960ರಲ್ಲಿ ಸುಪ್ರೀಂ ಕೋರ್ಟ್ ಸಾಲದು ಎಂದ ಮಧ್ಯಪ್ರಾಂತದ ವ್ಯಾಖ್ಯೆಯ ಮಾತುಗಳೇ ಹೆಚ್ಚುಕಡಿಮೆ ಇಲ್ಲಿ ಮತ್ತೆ ಕಾಣುತ್ತವೆ. ರೌಡಿ ಯಾರು ಎಂದು ಕೇಳಿದರೆ ಗೂಂಡಾ ಎನ್ನುವುದು, ಗೂಂಡಾ ಯಾರು ಎಂದರೆ ಹೂಲಿಗನ್ ಎನ್ನುವುದು: ಒಂದು ಪದ ಇನ್ನೊಂದರ ಬೆನ್ನು ತೋರಿಸುತ್ತದೆ, ಮುಖ ಯಾರದೂ ಕಾಣುವುದಿಲ್ಲ. ಈ ವ್ಯಾಖ್ಯೆ ತಿದ್ದುಪಡಿಯಾಗಲೇಬೇಕು.

ರೌಡಿಪಟ್ಟಿ ಎಂದರೆ ಏನು ಎಂಬುದು ರೌಡಿ ಪರೇಡಿನ ದಿನ ಕಣ್ಣಿಗೆ ಕಾಣುತ್ತದೆ. ಗಣೇಶನ ಹಬ್ಬಕ್ಕೋ ಚುನಾವಣೆಗೋ ಮುಂಚೆ ಪಟ್ಟಿಯಲ್ಲಿರುವವರನ್ನೆಲ್ಲ ಮೈದಾನಕ್ಕೆ ಕರೆಸಿ ಸಾಲಾಗಿ ಕೂರಿಸುತ್ತಾರೆ. ಅಧಿಕಾರಿ ಒಬ್ಬೊಬ್ಬನನ್ನೇ ಎಬ್ಬಿಸಿ ಈಗ ಏನು ಕೆಲಸ, ಎಲ್ಲಿ ವಾಸ, ಫೋನ್ ನಂಬರ್ ಬದಲಾಯಿತೇ ಎಂದು ಕೇಳುತ್ತಾರೆ. ಉದ್ದ ಕೂದಲು ಬಿಟ್ಟವನಿಗೆ ಕತ್ತರಿಸಿಕೊಂಡು ಬಾ ಎನ್ನುತ್ತಾರೆ. ಸಾಲಿನಲ್ಲಿ ಇಪ್ಪತ್ತರ ಹುಡುಗರೂ ಇರುತ್ತಾರೆ, ತಲೆ ನೆರೆತ ತರಕಾರಿ ವ್ಯಾಪಾರಿಗಳೂ ಇರುತ್ತಾರೆ. ಹತ್ತಾರು ವರ್ಷಗಳಿಂದ ತಂಟೆಗೆ ಹೋಗದವನ ಹೆಸರು ಪಟ್ಟಿಯಿಂದ ಹೊರಬರಲು ಅವನೇ ಅರ್ಜಿ ಹಿಡಿದು ಅಲೆಯಬೇಕು. ಪಟ್ಟಿಯಲ್ಲಿ ಇರುವವನು ‘ರೌಡಿಶೀಟರ್’. ಇಂಗ್ಲಿಷಿನ ತುಂಡುಗಳಿಂದ ನಮ್ಮ ದಕ್ಷಿಣದಲ್ಲೇ ಕಟ್ಟಿದ ಪದ ಇದು. ಗಡಿಪಾರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೆಯ ಕಲಂ ಬೇರೆಯೇ ಇದೆ.

ಬೆಂಗಳೂರಿನ ಭೂಗತ ಲೋಕ 1970, 80ರ ದಶಕಗಳಲ್ಲಿ ತನ್ನದೇ ನುಡಿಗಟ್ಟನ್ನು ಬೆಳೆಸಿತು. ಬೆದರಿಸಿ ಹಣ ಕೀಳುವುದಕ್ಕೆ ‘ರೋಲ್‌ಕಾಲ್’, ತಿಂಗಳಿನ ವಸೂಲಿಗೆ ‘ಹಫ್ತಾ’, ಉದ್ದ ಕತ್ತಿಗೆ ‘ಲಾಂಗು’, ಕೊಲೆಯ ಗುತ್ತಿಗೆಗೆ ‘ಸುಪಾರಿ’, ಹೆಸರಿಲ್ಲದ ಸಣ್ಣವನಿಗೆ ‘ಪುಡಿರೌಡಿ’. ‘ಓಂ’ (1995), ‘ಆ ದಿನಗಳು’ (2007) ಚಿತ್ರಗಳು ಈ ಮಾತುಗಳನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ಅಂಬರೀಷ್ ನಟಿಸಿದ ‘ಗೂಂಡಾ ಗುರು’ ಬಿಡುಗಡೆಯಾದದ್ದು 1985ರಲ್ಲಿ, ನಮ್ಮ ಕಾಯ್ದೆ ಬಂದ ವರ್ಷವೇ. ತೆರೆಯ ಮೇಲೆ ಈ ಪದ ನಾಯಕನ ಹೆಸರಿಗೆ ಅಂಟಿದಾಗ ಜನ ಶಿಳ್ಳೆ ಹೊಡೆದರು. ಕಾಶಿಯ ಕಥೆಯ ನನ್ಹಕೂ ಸಿಂಹನ ನೆರಳು ಹೀಗೆ ಸಿನಿಮಾದಲ್ಲಿ ಉಳಿದುಕೊಂಡಿದೆ.

ಕನ್ನಡದ ನೆಂಟ ಪದಗಳು

ಗೂಂಡಾ ಬರುವ ಮೊದಲು ಕನ್ನಡಕ್ಕೆ ಈ ಅರ್ಥದ ಪದಗಳಿಗೆ ಬರವಿರಲಿಲ್ಲ. ಪುಂಡ, ಪೋಕರಿ, ಪೋಲಿ, ತುಂಟ, ಪಟಿಂಗ, ಠಕ್ಕ, ಕೇಡಿಗ ಎಲ್ಲವೂ ಇದ್ದವು; ಒಂದೊಂದಕ್ಕೂ ಅದರದೇ ತೂಕ. ಇವುಗಳಲ್ಲಿ ಪುಂಡ ಎಲ್ಲಕ್ಕಿಂತ ಸೊಗಸಾದದ್ದು. ಪುಂಡಾಟ, ಪುಂಡಾಟಿಕೆ, ಪುಂಡುಪೋಕರಿ ಎಂದು ಬೈಯುವ ನಾವೇ ಯಕ್ಷಗಾನದಲ್ಲಿ ಪುಂಡುವೇಷಕ್ಕೆ ಚಪ್ಪಾಳೆ ತಟ್ಟುತ್ತೇವೆ. ಅಭಿಮನ್ಯು, ಬಭ್ರುವಾಹನ ಇಂಥ ಎಳೆಯ ವೀರರ ಪಾತ್ರಗಳು ಪುಂಡುವೇಷಗಳು. ರಾತ್ರಿ ಸರಿದ ಹೊತ್ತಿನಲ್ಲಿ ಚೆಂಡೆಯ ಪೆಟ್ಟು ಏರಿದಂತೆ, ಗೆಜ್ಜೆ ಕಟ್ಟಿದ ಹುಡುಗ ರಂಗಸ್ಥಳದ ತುಂಬ ಧೀಂಗಿಣ ಹಾರುವಾಗ, ಚಕ್ರವ್ಯೂಹಕ್ಕೆ ನುಗ್ಗುವ ಆ ಹದಿನಾರರ ಸೊಕ್ಕನ್ನು ಕರಾವಳಿಯ ಕನ್ನಡ ‘ಪುಂಡು’ ಎಂದು ಕರೆಯಿತು. ಯೌವನದ ಕಸುವಿನಲ್ಲಿ ತಪ್ಪೂ ಇದೆ, ಶೌರ್ಯವೂ ಇದೆ ಎಂಬ ತಿಳಿವಳಿಕೆ ಆ ಪದದೊಳಗಿದೆ. ಕಾಡಿನಂಚಿನಲ್ಲಿ ತೋಟ ತುಳಿಯುವ ಒಂಟಿ ಸಲಗಕ್ಕೂ ನಮ್ಮ ಪತ್ರಿಕೆಗಳು ಪುಂಡಾನೆ ಎನ್ನುತ್ತವೆ. ಗೂಂಡಾ ಆನೆ ಎಂದು ಯಾರೂ ಬರೆಯುವುದಿಲ್ಲ.

‘ಪೊರ್ಕಿ’ ತಮಿಳಿನ ಪೊರುಕ್ಕಿಯಿಂದ ಬಂದದ್ದು. ಬಿದ್ದದ್ದನ್ನು ಆಯ್ದು ತಿನ್ನುವವನು ಎಂದು ಅದರ ಮೂಲಾರ್ಥ. ಬಡತನವನ್ನೇ ಬೈಗುಳ ಮಾಡಿದ ಪದ ಅದು, ಬದ್ಮಾಶಿನ ಹಾಗೆ.

ಪತ್ರಿಕೆಯ ಭಾಷೆ ಇವುಗಳ ನಡುವೆ ತನ್ನದೇ ಹಂಚಿಕೆ ಮಾಡಿಕೊಂಡಿದೆ. ಯಾರು ಎಂದು ಗೊತ್ತಾಗದೆ ಕೊಲೆ, ಬೆಂಕಿಯಂಥ ಕೃತ್ಯ ನಡೆದರೆ ‘ದುಷ್ಕರ್ಮಿಗಳು’. ಪ್ರತಿಮೆಗೆ ಮಸಿ ಬಳಿದರೆ, ಬಾವುಟ ಹರಿದರೆ, ಬಸ್ಸಿಗೆ ಕಲ್ಲು ತೂರಿದರೆ ‘ಕಿಡಿಗೇಡಿಗಳು’. ಕೃತ್ಯ ಸಣ್ಣದು, ಹತ್ತಿಕೊಳ್ಳುವ ಬೆಂಕಿ ದೊಡ್ಡದು ಎಂಬ ಧ್ವನಿ ಅದರಲ್ಲಿದೆ. ‘ಗೂಂಡಾ’ ಬರುವುದು ಹೆಚ್ಚಾಗಿ ರಾಜಕೀಯ ಹೇಳಿಕೆಗಳಲ್ಲಿ, ಎದುರು ಪಕ್ಷದ ಕಾರ್ಯಕರ್ತರ ಬಗ್ಗೆ. ಅಲ್ಲಿ ಅದಕ್ಕೆ ಕೃತ್ಯದ ಅರ್ಥವಿಲ್ಲ, ‘ನಮ್ಮವನಲ್ಲ’ ಎಂಬುದಷ್ಟೇ ಅರ್ಥ. ಮುಷ್ಕರ ಹೂಡಿದ ಕಾರ್ಮಿಕ, ಭೂಮಿ ಬಿಡದ ರೈತ, ಘೋಷಣೆ ಕೂಗಿದ ವಿದ್ಯಾರ್ಥಿ, ಎಲ್ಲರೂ ಒಂದಲ್ಲ ಒಂದು ದಿನ ಈ ಪದದ ಕೆಳಗೆ ನಿಂತಿದ್ದಾರೆ.

ಮನೆಯೊಳಗಿನ ಬಳಕೆ ಇನ್ನೊಂದು ಗುಟ್ಟನ್ನು ಹೇಳುತ್ತದೆ. ಊಟ ಚೆಲ್ಲಿದ ಮೊಮ್ಮಗನನ್ನು ಅಜ್ಜಿ ‘ಪುಂಡ ನೋಡು, ಹೇಳಿದ ಮಾತು ಕೇಳಲ್ಲ’ ಎನ್ನುತ್ತಾಳೆ. ತಾಯಿ ಹಟ ಮಾಡುವ ಮಗಳನ್ನು ‘ಏ ರೌಡಿ, ಬಾರೆ ಇಲ್ಲಿ’ ಎಂದು ಎತ್ತಿಕೊಳ್ಳುತ್ತಾಳೆ. ಪೋಕರಿ, ತುಂಟ, ಕಳ್ಳ ಎಲ್ಲವೂ ಮುದ್ದಿನ ಮಾತುಗಳಾಗಿ ಪಳಗಿವೆ. ಗೂಂಡಾ ಹಾಗೆ ಪಳಗಿದ್ದು ಅಪರೂಪ. ನೂರು ವರ್ಷ ಕಡತದಲ್ಲಿ, ಆದೇಶದಲ್ಲಿ, ಆರೋಪದಲ್ಲಿ ಬಳಕೆಯಾದ ಪದಕ್ಕೆ ತೊಟ್ಟಿಲ ಬಳಿ ಜಾಗ ಸಿಗಲಿಲ್ಲ.

ಬರೆಯುವವರು ಇದನ್ನು ನೆನಪಿಡಬೇಕು. ಸುಲಿಗೆ ಮಾಡಿದವನನ್ನು ಸುಲಿಗೆಕೋರ ಎನ್ನಲು, ಕಲ್ಲು ತೂರಿದವನನ್ನು ಕಲ್ಲು ತೂರಿದವನು ಎನ್ನಲು, ಆರೋಪಿಯನ್ನು ಆರೋಪಿ ಎನ್ನಲು ಕನ್ನಡದಲ್ಲಿ ಪದಗಳಿವೆ. ಅವು ಕೃತ್ಯವನ್ನು ಹೇಳುತ್ತವೆ. ಸುಳ್ಳಾದರೆ ಸುಳ್ಳೆಂದು ತೋರಿಸಬಹುದು. ಗೂಂಡಾ ಎಂದಾಗ ಹಾಗೆ ತೋರಿಸಲು ಹಿಡಿಯೇ ಸಿಗುವುದಿಲ್ಲ, ಬಲದೇವ ಪ್ರಸಾದನಿಗೆ ಸಿಗದಿದ್ದ ಹಾಗೆ.

ಆದರೆ ಗೂಂಡಾ ಕಾಯ್ದೆಯಡಿ ಬಂಧಿತನಾದವನಿಗೆ ಸಂವಿಧಾನದ 22ನೆಯ ವಿಧಿಯ ರಕ್ಷಣೆ ಇದೆ. ಬಂಧನಕ್ಕೆ ಕಾರಣಗಳೇನು ಎಂದು ಅವನಿಗೆ ತಿಳಿಸಬೇಕು. ಅವುಗಳ ವಿರುದ್ಧ ಸರ್ಕಾರಕ್ಕೆ ಮನವಿ ಸಲ್ಲಿಸಲು ಅವಕಾಶ ಕೊಡಬೇಕು. ಕಾರಣಗಳನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು, ಅವನಿಗೆ ಬರುವ ಭಾಷೆಯಲ್ಲಿ ಬರೆದು ಕೈಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಕನ್ನಡ ಮಾತ್ರ ಓದಬಲ್ಲವನಿಗೆ ಅವು ಕನ್ನಡದಲ್ಲೇ ಸಿಗಬೇಕು.